ತಿಂಗಳಿಗೆ 437 ಸರಿ, ಎಷ್ಟು ತಿಂಗಳು?

ತಮ್ಮಾ,

ನಿನ್ನ ಮೆಸೇಜ್ ಓದಿದೆ. ಮಾಲೂರಿನವನು, ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದವನು, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ನಾಲ್ಕು ತಿಂಗಳಾಯ್ತು ಅಂತ ಬರೆದಿದ್ದೀಯ. ಕೇಳಿರುವುದು ನಾಲ್ಕು. ಲೈಸೆನ್ಸ್ ಹೇಗೆ, ಇನ್ಶೂರೆನ್ಸ್ ಯಾಕೆ ಇಷ್ಟು ಜಾಸ್ತಿ, ಚಳಿಗಾಲಕ್ಕೆ ಏನು ಮಾಡಬೇಕು, ಆಮೇಲೆ 2019ರ ಅಕ್ಯೂರಾ ಆರ್‌ಡಿಎಕ್ಸ್ ಕಾರು ಒಂದು ಸೆಕೆಂಡ್ ಹ್ಯಾಂಡ್ ಸಿಗ್ತಿದೆ, ತಿಂಗಳಿಗೆ 437 ಡಾಲರ್, ತಗೊಳ್ಳಲಾ ಅಥವಾ ಹೋಂಡಾ ಸಿಆರ್-ವಿ ಸಾಕಾ ಅಂತ. ಕೊನೆಯದನ್ನು ಕೇಳುವುದಕ್ಕೇ ಮೊದಲ ಮೂರು ಕೇಳಿದ್ದೀಯ ಅಂತ ಗೊತ್ತಾಯ್ತು ಬಿಡು.

ಆ ಮೂರನ್ನು ಬೇಗ ಮುಗಿಸುತ್ತೇನೆ. ಒಹಾಯೋದಲ್ಲಿ ರಸ್ತೆ ಪರೀಕ್ಷೆಯ ಜೊತೆಗೆ ಕೋನ್‌ಗಳ ನಡುವೆ ಮುಂದೆ ಹೋಗಿ, ಹಾಗೇ ರಿವರ್ಸ್ ಬರಬೇಕು. ನಮ್ಮಲ್ಲಿ ಬೈಕಿಗೆ 8 ಹಾಕಿಸುತ್ತಾರಲ್ಲ, ಹಾಗೆ. ಬೆಂಗಳೂರು ಟ್ರಾಫಿಕ್‌ನಲ್ಲಿ ಹತ್ತು ವರ್ಷ ಓಡಿಸಿದವರೂ ಇಲ್ಲಿ ಕೋನ್ ಬೀಳಿಸಿ ಬರುತ್ತಾರೆ. ಭಾನುವಾರ ಖಾಲಿ ಪಾರ್ಕಿಂಗ್‌ನಲ್ಲಿ ಅಭ್ಯಾಸ ಮಾಡಿಕೊಂಡು ಹೋಗು. ಇನ್ಶೂರೆನ್ಸ್‌ನವರ ಲೆಕ್ಕದಲ್ಲಿ ನೀನು ನಿನ್ನೆ ಸ್ಟೀರಿಂಗ್ ಹಿಡಿದ ಹುಡುಗ, ಅದಕ್ಕೇ ಜಾಸ್ತಿ. ಇಲ್ಲಿಯ ಲೈಸೆನ್ಸ್ ಹಳೆಯದಾದ ಹಾಗೆ ಇಳಿಯುತ್ತೆ. ಚಳಿಗಾಲಕ್ಕೆ ಎರಡೇ ಮಾತು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು ಹಿಮದಲ್ಲಿ ಚೆನ್ನಾಗಿ ಹೊರಡುತ್ತೆ, ಆದರೆ ನಿಲ್ಲಿಸುವುದು ಟೈರು. ರಸ್ತೆಗೆ ಉಪ್ಪು ಸುರಿಯುತ್ತಾರೆ, ಹದಿನೈದು ದಿನಕ್ಕೊಮ್ಮೆ ಕಾರಿನ ಅಡಿಭಾಗ ತೊಳೆಸು. ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ.

ಇನ್ನು ಕಾರಿನ ವಿಷಯ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಬಂದದ್ದು 2012ರ ಜನವರಿಯಲ್ಲಿ. ಮೈಮೇಲೆ ಕೋಲಾರದ ಕ್ಲಾಕ್ ಟವರ್ ಹತ್ತಿರ ತಗೊಂಡ ಸ್ವೆಟರ್. ಅದನ್ನು ಹಾಕಿಕೊಂಡು ಇಲ್ಲಿಯ ಜನವರಿಗೆ ಎದುರು ನಿಂತಿದ್ದೆ! ಬಂದ ಮೊದಲ ಶನಿವಾರ ಅಂಗಡಿಗೆ ನಡೆದುಕೊಂಡೇ ಹೋದೆ. ಎರಡು ಮೈಲಿ, ಫುಟ್‌ಪಾತ್ ಇಲ್ಲ. ವಾಪಸ್ ಬರುವಾಗ ಒಂದು ಕೈಯಲ್ಲಿ ಗ್ಯಾಲನ್ ಹಾಲಿನ ಕ್ಯಾನ್, ಇನ್ನೊಂದರಲ್ಲಿ ಅಕ್ಕಿ. ಬೆರಳು ಮರಗಟ್ಟಿ ಹೋಗಿದ್ದವು. ಹಿಂದಿನಿಂದ ಪೊಲೀಸ್ ಕಾರು ಬಂದು ನಿಂತಿತು. ಕಾರು ಕೆಟ್ಟುಹೋಗಿದೆಯಾ ಅಂತ ಕೇಳಿದ. ಕಾರಿಲ್ಲ ಅಂದೆ. ಕಾಲಿಲ್ಲ ಅಂದವನನ್ನು ನೋಡುವ ಹಾಗೆ ನೋಡಿದ. ಒಳ್ಳೆಯ ಮನುಷ್ಯ, ಹತ್ತಿಸಿಕೊಂಡು ಮನೆಗೆ ಬಿಟ್ಟ. ಆದರೆ ಪೊಲೀಸ್ ಕಾರಿನ ಹಿಂದಿನ ಬಾಗಿಲನ್ನು ಒಳಗಿನಿಂದ ತೆಗೆಯೋಕೆ ಬರಲ್ಲ, ಅವನೇ ಇಳಿದು ಬಂದು ತೆಗೆಯಬೇಕು. ಅಪಾರ್ಟ್‌ಮೆಂಟಿನ ಜನ ನೋಡ್ತಾ ಇದ್ದರು. ಹಾಲಿನ ಕ್ಯಾನ್ ಎದೆಗೆ ಅವುಚಿಕೊಂಡು ಇಳಿದೆ. ತಗೊಂಡರೆ ಎಲ್ಲರೂ ತಿರುಗಿ ನೋಡುವಂಥ ಕಾರನ್ನೇ ತಗೋಬೇಕು ಅಂತ ಅವತ್ತೇ ತಲೆಗೆ ಹೊಕ್ಕಿತು.

ಆರ್‌ಡಿಎಕ್ಸ್ ಕೆಟ್ಟ ಕಾರು ಅಂತ ನನ್ನ ಬಾಯಲ್ಲಿ ಬರಲ್ಲ. ನಿನಗೆ ಹೋಂಡಾ ಅಂದರೆ ನರಸಾಪುರ, ಆಕ್ಟಿವಾ. ನಮ್ಮ ಜಿಲ್ಲೆಗೆ ಅದು ಬಂದದ್ದು 2013ರಲ್ಲಿ. ಒಹಾಯೋಗೆ ಎಷ್ಟೋ ಮೊದಲೇ ಬಂತು. ಮೇರಿಸ್‌ವಿಲ್‌ನಲ್ಲಿ 1979ರಲ್ಲಿ ಬೈಕು ಮಾಡೋಕೆ ಶುರು ಮಾಡಿದರು, 1982ರಲ್ಲಿ ಅಕಾರ್ಡ್ ಕಾರು. ಅಮೆರಿಕದಲ್ಲೇ ಕಾರು ಕಟ್ಟಿದ ಮೊದಲ ಜಪಾನಿ ಕಂಪನಿ ಅದು. ಅದೇ ಕಂಪನಿಯ ದುಬಾರಿ ಹೆಸರು ಅಕ್ಯೂರಾ, 1986ರಲ್ಲಿ ಹುಟ್ಟಿದ್ದು. ಲೆಕ್ಸಸ್‌ಗಿಂತ ಮೂರು ವರ್ಷ ದೊಡ್ಡದು.

ಮೊದಲ ಆರ್‌ಡಿಎಕ್ಸ್ 2006ರಲ್ಲಿ ಬಂತು, 2007ರ ಮಾಡೆಲ್ ಅಂತ. 2.3 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, 240 ಹಾರ್ಸ್‌ಪವರ್. ಮದುವೆಯಾಗದ, ಕೈತುಂಬಾ ಸಂಬಳದ ಪಟ್ಟಣದ ಹುಡುಗರಿಗೆ ಅಂತ ಮಾಡಿದ ಕಾರು. ಅದರಲ್ಲಿ ಎಸ್‌ಎಚ್-ಎಡಬ್ಲ್ಯುಡಿ ಅಂತ ಒಂದು ಏರ್ಪಾಡಿತ್ತು. ಇಂಜಿನ್ ಬಲದಲ್ಲಿ ನೂರಕ್ಕೆ 70ರವರೆಗೆ ಹಿಂದಿನ ಚಕ್ರಗಳಿಗೆ ಕಳಿಸುತ್ತೆ. ಹಿಂದೆ ಬಂದದ್ದನ್ನು ಬೇಕಾದರೆ ಪೂರ್ತಿ ಎಡಕ್ಕೋ ಬಲಕ್ಕೋ ಒಂದೇ ಚಕ್ರಕ್ಕೆ ಕೊಡುತ್ತೆ. ಎತ್ತಿನ ಗಾಡಿ ತಿರುಗಿಸುವಾಗ ಒಳಗಿನ ಎತ್ತನ್ನು ತಡೆದು ಹೊರಗಿನದನ್ನು ಜೋರಾಗಿ ನಡೆಸುತ್ತೇವಲ್ಲ, ಅದೇ ಉಪಾಯ. ಓಡಿಸಿದವರು ಹೊಗಳಿದರು. ಆದರೆ ಸಸ್ಪೆನ್ಷನ್ ಗಟ್ಟಿ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು.

ಅದಕ್ಕೇ 2013ರ ಮಾಡೆಲ್‌ಗೆ ಎಲ್ಲವನ್ನೂ ಬದಲಾಯಿಸಿದರು. ಟರ್ಬೊ ಹೋಯ್ತು. 3.5 ಲೀಟರ್ ವಿ6 ಬಂತು, 273 ಹಾರ್ಸ್‌ಪವರ್. ಹೊರೆ ಇಲ್ಲದಾಗ ಕೆಲವು ಸಿಲಿಂಡರ್ ಸುಮ್ನೆ ಮಲಗುತ್ತವೆ. ಹಾಗಾಗಿ ಆರು ಸಿಲಿಂಡರ್ ಇದ್ದರೂ ಹಳೆಯ ನಾಲ್ಕಕ್ಕಿಂತ ಕಮ್ಮಿ ಕುಡಿಯುತ್ತೆ. ಎಸ್‌ಎಚ್-ಎಡಬ್ಲ್ಯುಡಿ ತೆಗೆದು ಸಾದಾ ಏರ್ಪಾಡು ಹಾಕಿದರು. ಕಾರು ಮೆತ್ತಗಾಯ್ತು, ಮಾರಾಟ ಏರಿತು. ನಾನು ತಗೊಂಡದ್ದು ಇದನ್ನೇ, 2012ರ ಡಿಸೆಂಬರ್‌ನಲ್ಲಿ, ಹೊಚ್ಚ ಹೊಸದು, ಬಿಳಿ.

ನೀನು ಕಣ್ಣು ಹಾಕಿರುವುದು ಮೂರನೆಯ ತಲೆಮಾರಿನದು. 2018ರ ಜೂನ್‌ನಲ್ಲಿ ಬಿಟ್ಟದ್ದು, 2019ರ ಮಾಡೆಲ್ ಅಂತ. ಇದನ್ನು ರೂಪಿಸಿದ್ದು ಲಾಸ್ ಏಂಜಲೀಸ್‌ನಲ್ಲಿ, ಬೆಳೆಸಿದ್ದು ಇಲ್ಲೇ ಒಹಾಯೋದಲ್ಲಿ. ಅಕ್ಯೂರಾಗೆ ಅಂತಲೇ ಬೇರೆ ಚಾಸಿಸ್ ಮಾಡಿದರು. ಚಕ್ರಗಳ ನಡುವಿನ ಅಂತರ 2.6 ಇಂಚು ಜಾಸ್ತಿಯಾಗಿ ಹಿಂದೆ ಕೂತವರಿಗೆ ಕಾಲು ಚಾಚೋಕೆ ಜಾಗ ಬಂತು. ಟರ್ಬೊ ವಾಪಸ್ ಬಂತು. ಎರಡು ಲೀಟರ್, 272 ಹಾರ್ಸ್‌ಪವರ್, ಹತ್ತು ಗೇರು. ಎಸ್‌ಎಚ್-ಎಡಬ್ಲ್ಯುಡಿಯನ್ನೂ ವಾಪಸ್ ತಂದರು, ಆದರೆ ಎಲ್ಲ ಕಾರಿಗೂ ಅಲ್ಲ, ನಿನಗೆ ತೋರಿಸಿದ ಕಾರಿನಲ್ಲಿ ಇದೆಯಾ ಅಂತ ನೋಡಿಕೋ. ದೊಡ್ಡ ಗಾಜಿನ ಸನ್‌ರೂಫ್ ಮಾತ್ರ ಎಲ್ಲದಕ್ಕೂ ಇದೆ. ಪರದೆಯನ್ನು ಮುಟ್ಟಿದರೆ ಏನೂ ಆಗಲ್ಲ, ಕೆಳಗೆ ಗೇರಿನ ಹತ್ತಿರ ಒಂದು ಪ್ಯಾಡ್ ಇದೆ, ಅದರ ಮೇಲೆ ಬೆರಳಾಡಿಸಬೇಕು. ಪಕ್ಕದ ಮನೆಯವರ ಕಾರಿನಲ್ಲಿ ಹಾಡು ಬದಲಾಯಿಸೋಕೆ ಹೋಗಿ ನಾನು ಅವರ ಹೆಂಡತಿಗೆ ಫೋನ್ ಮಾಡಿಬಿಟ್ಟಿದ್ದೆ.

ಇನ್ನೊಂದು ಗೊತ್ತಾ? ನಿನ್ನ ಆರ್‌ಡಿಎಕ್ಸ್ ಕಟ್ಟಿದ್ದು ಈಸ್ಟ್ ಲಿಬರ್ಟಿಯಲ್ಲಿ, ಸಿಆರ್-ವಿ ಕಟ್ಟುವ ಫ್ಯಾಕ್ಟರಿಗಳಲ್ಲಿ ಒಂದರಲ್ಲಿ. ನಿನ್ನ ಮನೆಯಿಂದ ಒಂದು ಗಂಟೆ ದಾರಿ. ಒಂದೇ ಒಲೆಯ ಅಡುಗೆ, ತಟ್ಟೆ ಬೇರೆ ಅಂತ ನಾನು ಹೇಳ್ತೀನಿ. ಅಕ್ಯೂರಾ ಅಭಿಮಾನಿಗಳಿಗೆ ಈ ಮಾತು ಹಿಡಿಸಲ್ಲ. ಇಂಜಿನ್ ಬೇರೆ, ಕುಳಿತಾಗ ಸಿಗುವ ಸುಖ ಬೇರೆ, ಅದು ನಿಜ. ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿ ಅಂತ ಕಂಪನಿಯೇ ಹೇಳುವುದೂ ನಿಜ.

ಈಗ ಲೆಕ್ಕಕ್ಕೆ ಬರೋಣ. ನೀನು ತಿಂಗಳಿಗೆ 437 ಅಂತ ಬರೆದೆ. ಎಷ್ಟು ತಿಂಗಳು ಅಂತ ಕೇಳಿದ್ದಕ್ಕೆ 84 ಅಂದೆ. ಸಾಲ 24 ಸಾವಿರ, ಬಡ್ಡಿ ನೂರಕ್ಕೆ 13. ಗುಣಿಸಿ ನೋಡಿದೆಯಾ? 36,708 ಡಾಲರ್. ಈ ಕಾರು 2018ರಲ್ಲಿ ಹೊಸದಾಗಿ ಬಂದಾಗ ಆರಂಭದ ಬೆಲೆ 37,300. ಯಾರೋ ಓಡಿಸಿ ಬಿಟ್ಟ ಕಾರಿಗೆ ಹೊಸ ಕಾರಿನ ದುಡ್ಡು ಕೊಡ್ತಾ ಇದ್ದೀಯ, ಅದೂ ಏಳು ವರ್ಷ.

ನಾನೂ ಗುಣಿಸಲಿಲ್ಲ. ನನ್ನದು 36 ಸಾವಿರ ಸಾಲ, ನೂರಕ್ಕೆ 11, 72 ಕಂತು. ಇಲ್ಲಿ ಸಾಲ ತೀರಿಸಿದ ಚರಿತ್ರೆ ಇಲ್ಲದವನಿಗೆ ಬಡ್ಡಿ ಹಾಗೇ. ಶೋರೂಮಿನ ಒಳಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಒಂದು ಹಾಳೆಯ ಮೇಲೆ 685 ಅಂತ ಬರೆದು ಸುತ್ತ ಗೋಲ ಹಾಕಿದ. ಆ ಗೋಲದ ಆಚೆ ನಾನು ನೋಡಲೇ ಇಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಅಂತ ಇನ್ನೊಂದನ್ನೂ ಸೇರಿಸಿದ್ದ. ಒಟ್ಟು 49 ಸಾವಿರದ ಮೇಲೆ. ಊರಲ್ಲಿ ಟೊಮೆಟೊ ಮಂಡಿಯಲ್ಲಿ ಕಮಿಷನ್ ಎಷ್ಟು ಹಿಡಿದ್ರಿ ಅಂತ ಪೈಸೆ ಪೈಸೆಗೆ ಜಗಳ ಆಡುವ ಮನೆಯಿಂದ ಬಂದವನು ನಾನು.

ಫೋಟೊ ಕಳಿಸಿದಾಗ ಅಪ್ಪ ಕೇಳಿದ್ದು ಒಂದೇ. "ಎಷ್ಟು ಬಾಕ್ಸ್ ಹಿಡಿಸ್ತೈತೆ?" ಟೊಮೆಟೊ ಬಾಕ್ಸ್, ಹದಿನೈದು ಕೆಜಿಯದು. ನಾನು ನಕ್ಕೆ. ಇದು ಲೋಡ್ ಹಾಕೋ ಗಾಡಿ ಅಲ್ಲಪ್ಪಾ ಅಂದೆ.

2014ರ ಏಪ್ರಿಲ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ನಮ್ಮ ಕಡೆಯ ಕಥೆ ನಿನಗೆ ಹೇಳಬೇಕಾಗಿಲ್ಲ, ಸಾವಿರದ ನಾನೂರು ಅಡಿ ಹೋದರೂ ಧೂಳು ಬರುವ ಕಾಲ. ಹೊಸ ಬೋರ್ ಕೊರೆಸೋಕೆ ಎರಡೂವರೆ ಲಕ್ಷ ಬೇಕು ಅಂತ ಅಪ್ಪ ಫೋನ್ ಮಾಡಿದರು. ಅದೇ ಜನವರಿಯಲ್ಲಿ ಮಗಳು ಹುಟ್ಟಿದ್ದಳು, ಆಸ್ಪತ್ರೆ ಬಿಲ್ ಕಂತಿನಲ್ಲಿ ಕಟ್ಟುತ್ತಾ ಇದ್ದೆ. ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕೆಲವರಿಗೆ ಕೆಲಸದ ಪರ್ಮಿಟ್ ಕೊಡೋಕೆ ಶುರು ಮಾಡಿದ್ದೇ 2015ರಲ್ಲಿ, ಹಾಗಾಗಿ ನನ್ನವಳಿಗೆ ಆಗ ಕೆಲಸವಿಲ್ಲ. ಕಾರು ಮಾರಿಬಿಡೋಣ ಅಂತ ಹೋದೆ. ಡೀಲರ್ 25,500 ಕೊಡ್ತೀನಿ ಅಂದ. ನನ್ನ ಸಾಲದ ಬಾಕಿ 30 ಸಾವಿರ. ಅಂದರೆ ಕಾರೂ ಕೊಟ್ಟು, ಮೇಲೆ ನಾನೇ 4,500 ಡಾಲರ್ ಕೊಡಬೇಕು. ಎಮ್ಮೆ ಮಾರೋಕೆ ಸಂತೆಗೆ ಹೋಗಿ, ಕೊಂಡವನಿಗೇ ದುಡ್ಡು ಕೊಟ್ಟು ಬರುವುದನ್ನು ನೀನು ಎಲ್ಲಾದರೂ ಕೇಳಿದ್ದೀಯಾ? ಇಲ್ಲಿ ಅದು ದಿನಾ ನಡೆಯುತ್ತೆ. ಹೊಸ ಐಷಾರಾಮಿ ಕಾರಿನ ಬೆಲೆ ಮೊದಲ ಎರಡು ವರ್ಷ ಜಾರುವ ವೇಗಕ್ಕೆ ಅಸಲು ತೀರುವುದಿಲ್ಲ. ಶುರುವಿನ ಕಂತಿನಲ್ಲಿ ಹತ್ತಿರ ಹತ್ತಿರ ಅರ್ಧ ಬಡ್ಡಿಯ ಬಾಯಿಗೇ ಹೋಗುತ್ತೆ.

ಎರಡು ತಿಂಗಳು ತಡೀರಿ ಅಪ್ಪಾ ಅಂದೆ. ಅವರು ಆಗಲಿ ಅಂದರು. ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ಊರಿಗೆ ಹೋದಾಗ ಹೆದ್ದಾರಿ ಪಕ್ಕದ ನಮ್ಮ 20 ಗುಂಟೆಗೆ ಬೇರೆ ಯಾರದೋ ಕಾಂಪೌಂಡ್ ಎದ್ದಿತ್ತು. ಒಳಗಿದ್ದ ಎರಡು ಮಾವಿನ ಮರದಲ್ಲಿ ಒಂದು ಉಳಿದಿತ್ತು. ಈಗ ಅದೂ ಇಲ್ಲ, ಫ್ಯಾಕ್ಟರಿ ಹುಡುಗರ ಪಿಜಿ ಆಗಿದೆ. ನೀನಿದ್ದೆ ಅಂದೆಯಲ್ಲ, ಅಂಥದ್ದೇ ಒಂದು. ಹೊಸ ಬೋರ್‌ನಲ್ಲಿ ನೀರು ಬಂತಾ ಅಂತ ಅಮ್ಮನನ್ನು ಕೇಳಿದೆ. ಒಂದೂವರೆ ಇಂಚು ಬಂತು ಅಂದಳು.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟು. ಆ 84 ಕಂತಿಗೆ ಸಹಿ ಹಾಕಬೇಡ. ಹಳೆಯ ಸಿಆರ್-ವಿಯೋ ಸಿವಿಕ್ಕೋ ಆದಷ್ಟು ಕೈದುಡ್ಡಿನಲ್ಲಿ ತಗೋ. ಠೇವಣಿ ಇಟ್ಟು ಕೊಡುವ ಕ್ರೆಡಿಟ್ ಕಾರ್ಡ್ ಮಾಡಿಸಿ, ತಿಂಗಳು ತಿಂಗಳು ಪೂರ್ತಿ ಕಟ್ಟು, ಸಾಲ ತೀರಿಸಿದ ಚರಿತ್ರೆ ಬೆಳೆಯುತ್ತೆ. ವರ್ಷದ ಮೇಲೆ ನಮ್ಮ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ನಲ್ಲಿ ಬಡ್ಡಿ ಎಷ್ಟು ಅಂತ ಕೇಳು, ಆಗಲೂ ಆಸೆ ಇದ್ದರೆ ಆರ್‌ಡಿಎಕ್ಸ್ ನೋಡೋಣ, ನಾನೇ ಜೊತೆಗೆ ಬರ್ತೀನಿ. ಟೆಸ್ಟ್ ಡ್ರೈವ್‌ಗೆ ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಅಡ್ವಾನ್ಸ್ ಏನಾದರೂ ಕೊಟ್ಟಿದ್ದರೆ ಇವತ್ತೇ ಹೇಳು.

ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸ್ತೀನಿ ಅಂದೆಯಲ್ಲ, ಅವರನ್ನು ಅಣ್ಣ ಅನ್ನುವ ಊರಿಗೆ ಕರೆದುಕೊಂಡು ಹೋಗು. ನಿಜವಾಗಲೂ ಇದೆ, ಐ-75 ಹೆದ್ದಾರಿ ಪಕ್ಕ. ಇಲ್ಲಿಯವರು ಬೇರೆ ಥರ ಅನ್ನುತ್ತಾರೆ, ನಮ್ಮ ಕಣ್ಣಿಗೆ ಅದು ಅಣ್ಣನೇ. ಹೋಂಡಾದವರು ಅಲ್ಲಿ 1985ರಿಂದ ಇಂಜಿನ್ ಮಾಡ್ತಾ ಇದ್ದಾರೆ. 2016ರ ಜುಲೈನಲ್ಲಿ ಅಪ್ಪ ಬಂದಾಗ ಆ ಕಡೆ ಹೋಗಿದ್ದೆವು. ಬೋರ್ಡಿನ ಮೇಲಿದ್ದ ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿದರು. "ಅಣ್ಣ! ಯಾರ ಅಣ್ಣನೋ ಇವನು?" ಅಂತ ಜೋರಾಗಿ ನಕ್ಕರು. ಹಾಗೆ ನಕ್ಕಿದ್ದು ನೋಡಿ ಎಷ್ಟೋ ದಿನ ಆಗಿತ್ತು. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಸವರಿ ಕೇಳಿದರು.

"ಇನ್ನ ಎಷ್ಟು ಕಂತೈತೆ?"

ಇಪ್ಪತ್ತೊಂಬತ್ತು ಅಂದೆ.

ಕಿಟಕಿ ಇಳಿಸಿದರು. ಎರಡೂ ಕಡೆ ಎದೆಮಟ್ಟ ಬೆಳೆದ ಮುಸುಕಿನ ಜೋಳ. ಇಲ್ಲಿ ಬೋರ್ ಎಷ್ಟು ಅಡಿಗೆ ಅಂದರು. ಇಲ್ಲಿ ಬೆಳೆಗೆ ಬೋರ್ ಬೇಕಿಲ್ಲ ಅಪ್ಪಾ, ನೀರು ನಿಲ್ಲುತ್ತೆ ಅಂತ ನೆಲದೊಳಗೆ ಪೈಪು ಹಾಕಿ ಹೊರಗೆ ಹರಿಸ್ತಾರೆ ಅಂದೆ.

"ಜಾಸ್ತಿ ಆಯ್ತು ಅಂತ ನೀರು ಹೊರಕ್ಕೆ ಬಿಡ್ತಾರಾ?" ಎರಡು ಸಲ ಕೇಳಿದರು. ಕೊಲಂಬಸ್ ಹತ್ತಿರದ ಡಬ್ಲಿನ್ ಬರುವವರೆಗೂ ಹೊಲದ ಕಡೆಗೇ ಮುಖ ಮಾಡಿ ಕೂತಿದ್ದರು.