ಕ್ಯಾನ್ಸರ್ ಮಾಡೆಲಿಂಗ್‌ಗೆ ಬಯಾಲಜಿ ಮೊದಲಾ, ಕೋಡಿಂಗ್ ಮೊದಲಾ?

ವಿಜಯಪುರದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ್ದೀರಿ, ಕ್ಯಾನ್ಸರ್ ಮತ್ತು ರೋಗನಿರೋಧಕ ಕೋಶಗಳ ಹೋರಾಟವನ್ನು ಸಮೀಕರಣಗಳಲ್ಲಿ ಹಿಡಿಯುವ ಮಾಡೆಲ್ ಮೇಲೆ ಪಿಎಚ್.ಡಿ. ಮಾಡಬೇಕು, ಬಯಾಲಜಿ ಮೊದಲು ಕಲೀಲಾ ಕೋಡಿಂಗ್ ಮೊದಲು ಕಲೀಲಾ ಅಂತ ಕೇಳಿದ್ದೀರಿ. ಜೊತೆಗೆ ಹನ್ನೆರಡು ಸಮೀಕರಣದ ಮಾಡೆಲ್ ಆರಿಸಿಕೊಂಡರೆ ನಿಜಕ್ಕೆ ಹತ್ತಿರ ಅಲ್ವಾ ಅಂತಲೂ ಇದೆ. ನಗು ಬಂತು, ಬೇಜಾರು ಮಾಡ್ಕೋಬೇಡಿ. ಬಾಗಲಕೋಟೆಯಲ್ಲಿ ಕೂತು ಇದೇ ಪ್ರಶ್ನೆಯನ್ನು ನಾನು ಕಂಡಕಂಡವರಿಗೆಲ್ಲ ಕೇಳಿದವನು. ನನ್ನನ್ನು ಮುಳುಗಿಸಿದ್ದು ಬಯಾಲಜಿಯೂ ಅಲ್ಲ, ಕೋಡಿಂಗೂ ಅಲ್ಲ, ಅಳತೆಯ ಘಟಕ (ಯೂನಿಟ್).

ನಾನು ಹಿಡಿದದ್ದು ಕುಜ್ನೆತ್ಸೊವ್, ಮಕಾಲ್ಕಿನ್, ಟೇಲರ್, ಪೆರೆಲ್ಸನ್ ಅವರ 1994ರ ಮಾಡೆಲ್. ಎರಡೇ ಸಮೀಕರಣ. ಒಂದು ಗಡ್ಡೆಯ ಕೋಶಗಳಿಗೆ, ಇನ್ನೊಂದು ಅವನ್ನು ಕೊಲ್ಲುವ ಎಫೆಕ್ಟರ್ ಕೋಶಗಳಿಗೆ. ಅಂಕಿಗಳು ಬಂದದ್ದು ಇಲಿಗಳ ಸ್ಪ್ಲೀನ್‌ನಲ್ಲಿ (ಗುಲ್ಮ) ಬೆಳೆದ ಲಿಂಫೋಮಾ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್‌ನಿಂದ. ಗಡ್ಡೆ ದಿನಕ್ಕೆ 0.18ರ ದರದಲ್ಲಿ ಬೆಳೆಯುತ್ತದೆ, ಹೆಚ್ಚೆಂದರೆ 50 ಕೋಟಿ ಕೋಶದವರೆಗೆ. ಎಫೆಕ್ಟರ್ ಕೋಶಗಳು ದಿನಕ್ಕೆ 13,000ದಂತೆ ತಾವಾಗಿ ಬರುತ್ತವೆ, 0.0412ರ ದರದಲ್ಲಿ ಸಾಯುತ್ತವೆ. ಭಾಗಿಸಿ ನೋಡಿ, ಗಡ್ಡೆ ಇಲ್ಲದಾಗ ಸುಮಾರು 3.15 ಲಕ್ಷ ಕೋಶ ಕಾವಲಿಗಿರುತ್ತವೆ. ಆದರೆ ಸಣ್ಣ ಗಡ್ಡೆಯನ್ನು ತಡೆದು ನಿಲ್ಲಿಸೋಕೆ ಬೇಕಾದದ್ದು 16 ಲಕ್ಷ! ಹಾಗಾಗಿ ಗಡ್ಡೆ ಮೊದಲು ಬೆಳೆದೇ ಬೆಳೆಯುತ್ತದೆ, ಅದು ಬೆಳೆದ ಮೇಲೆ ಎಫೆಕ್ಟರ್‌ಗಳು ಜಾಸ್ತಿಯಾಗುತ್ತವೆ. ಆಮೇಲೆ ಒಂದೋ ಗಡ್ಡೆ ಪೂರ್ತಿ ಸಾಯದೆ ಸಣ್ಣದಾಗಿ ಉಳಿದುಬಿಡುತ್ತದೆ, ಇಲ್ಲಾ ಕೈಮೀರುತ್ತದೆ. ಯಾವುದು ಅನ್ನೋದು ಶುರುವಿನಲ್ಲಿ ಎರಡೂ ಕಡೆ ಎಷ್ಟೆಷ್ಟು ಕೋಶ ಇದ್ದವು ಅನ್ನೋದರ ಮೇಲೆ. ಇಷ್ಟೆಲ್ಲ ಎರಡೇ ಸಮೀಕರಣದಿಂದ, ಪೆನ್ನು ಹಾಳೆ ಸಾಕು.

ನನಗೆ ಹೊಸದೇನಾದರೂ ಸೇರಿಸಬೇಕಿತ್ತು. ವಾರಕ್ಕೊಮ್ಮೆ ಹೊರಗಿನಿಂದ ಎಫೆಕ್ಟರ್ ಕೋಶ ಚುಚ್ಚಿದರೆ ಏನಾಗುತ್ತದೆ ನೋಡೋಣ ಅಂದುಕೊಂಡೆ. ಅದೇ ಪೇಪರಲ್ಲಿ ಮಾಡೆಲ್‌ನ ಇನ್ನೊಂದು ರೂಪ ಇದೆ. ಕೋಶಗಳನ್ನು 10 ಲಕ್ಷದ ಲೆಕ್ಕದಲ್ಲಿ ಎಣಿಸಿ, ಕಾಲವನ್ನೂ ಬೇರೆ ಅಳತೆಗೆ ತಂದು, ಘಟಕಗಳನ್ನೆಲ್ಲ ಕಿತ್ತುಹಾಕಿದ ರೂಪ. ಅಲ್ಲಿ 0.18 ಇದ್ದದ್ದು 1.636 ಆಗುತ್ತದೆ, 0.0412 ಇದ್ದದ್ದು 0.3743. ಅಂಕಿಗಳು ಚೊಕ್ಕ, ಕಂಪ್ಯೂಟರ್‌ಗೂ ಸಲೀಸು ಅಂತ ಅವನ್ನೇ ಎತ್ತಿಕೊಂಡೆ. ಆ ರೂಪದಲ್ಲಿ ಕಾಲದ ಒಂದು ಘಟಕ ಅಂದರೆ ಒಂದು ದಿನ ಅಲ್ಲ, ಸುಮಾರು ಒಂಬತ್ತು ದಿನ. 0.18ನ್ನು 1.636ರಿಂದ ಭಾಗಿಸಿದರೆ 0.11 ಬರುತ್ತದೆ, ಒಂದನ್ನು ಅದರಿಂದ ಭಾಗಿಸಿದರೆ ಒಂಬತ್ತು. ಅಷ್ಟೇ ಲೆಕ್ಕ. ನಾನು ಗ್ರಾಫಿನ ಕೆಳಗೆ 'ದಿನ' ಅಂತ ಬರೆದು, ಏಳಕ್ಕೊಮ್ಮೆ ಇಂಜೆಕ್ಷನ್ ಕೊಟ್ಟೆ. ಅಂದರೆ ವಾರಕ್ಕೊಮ್ಮೆ ಅಂತ ಹೇಳಿ ಎರಡು ತಿಂಗಳಿಗೊಮ್ಮೆ ಕೊಟ್ಟ ಹಾಗಾಯಿತು. ಗುಂಟೆ ಲೆಕ್ಕದ ಗೊಬ್ಬರವನ್ನು ಎಕರೆಗೆ ಎರಚಿ, ಬೆಳೆ ಬರಲಿಲ್ಲ ಅಂತ ಗೊಬ್ಬರವನ್ನು ಬೈದ ಹಾಗೆ.

ಇದರ ಪರಿಣಾಮ ಸಣ್ಣದಲ್ಲ. ಗಡ್ಡೆಯ ಪ್ರಭಾವ ಬಿಟ್ಟು ಬರೀ ಸಾವಿನ ದರ ಹಿಡಿದರೂ, ಚುಚ್ಚಿದ ಕೋಶಗಳಲ್ಲಿ ಒಂದು ವಾರದ ನಂತರ ಮುಕ್ಕಾಲು ಪಾಲು ಉಳಿದಿರಬೇಕು. ನನ್ನ ಲೆಕ್ಕದಲ್ಲಿ ನೂರಕ್ಕೆ ಏಳು ಉಳಿದವು. ಅದನ್ನು ನೋಡಿ 'ವಾರದ ಡೋಸ್‌ನಿಂದ ಪ್ರಯೋಜನವಿಲ್ಲ' ಅಂತ ಒಂದಿಡೀ ಅಧ್ಯಾಯ ಬರೆದೆ. ಗ್ರಾಫುಗಳು ಚೆನ್ನಾಗಿದ್ದವು, ಅದೇ ತೊಂದರೆ ಆಗಿದ್ದು. ಗೈಡ್ ಸರ್ ಕೂಡ ತಲೆ ಆಡಿಸಿದರು.

ಥೀಸಿಸ್ ಕೊಡುವ ಮುಂಚಿನ ಸೆಮಿನಾರ್‌ಗೆ ಬಂದಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು. "ಏನ್ರೀ, ನಿಮ್ಮ ಗಡ್ಡಿ ಎಷ್ಟು ದಿನಕ್ಕ ಡಬಲ್ ಆಗ್ತದ?" ಬೋರ್ಡಿನ ಮೇಲೆ 2ರ ನ್ಯಾಚುರಲ್ ಲಾಗ್ 0.693 ಬರೆದು 1.636ರಿಂದ ಭಾಗಿಸಿದೆ. 0.42 ಬಂತು. ಹತ್ತು ತಾಸು. ಚಾಕ್‌ಪೀಸ್ ಹಿಡಿದ ಕೈ ಅಲ್ಲೇ ನಿಂತಿತು. ಆ ಇಲಿಗಳ ಗಡ್ಡೆ ದುಪ್ಪಟ್ಟಾಗೋಕೆ ಸುಮಾರು ನಾಲ್ಕು ದಿನ ಬೇಕು. ಅಧ್ಯಾಯ ಪೂರ್ತಿ ಹೋಯಿತು, ಅದನ್ನೇ ನೆಚ್ಚಿಕೊಂಡಿದ್ದ ಪೇಪರನ್ನೂ ವಾಪಸ್ ತೆಗೆದುಕೊಂಡೆ, ಮತ್ತೆ ಎಲ್ಲ ಬರೆಯುವಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಅತಿಥಿ ಉಪನ್ಯಾಸಕನಾಗಿ ಜಮಖಂಡಿ ಬಸ್ ಹತ್ತಿದ್ದು ಆಗಲೇ.

ಈಗ ನಿಮ್ಮ ಹನ್ನೆರಡು ಸಮೀಕರಣ. ನನ್ನ ಮಟ್ಟಿಗೆ ಅದು ತಪ್ಪು ದಾರಿ. ಸಮೀಕರಣ ಜಾಸ್ತಿ ಆದಷ್ಟೂ ಪ್ಯಾರಾಮೀಟರ್, ಅಂದರೆ 0.18ರಂಥ ಹೊರಗಿನಿಂದ ತುಂಬುವ ಅಂಕಿ, ಜಾಸ್ತಿ. ಒಂದು ಇಲಿಯದ್ದು, ಒಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶದ್ದು, ಮತ್ತೊಂದು ಮನುಷ್ಯರ ರಕ್ತದ ಮೈಕ್ರೋಲೀಟರ್ ಲೆಕ್ಕದ್ದು. ಎಲ್ಲ ತಂದು ಒಂದೇ ಕಡೆ ಸುರಿದರೆ ಯಾವ ಕರ್ವ್ ಬೇಕಾದರೂ ಬರುತ್ತದೆ. ಎರಡು ಸಮೀಕರಣದಲ್ಲೇ ನನ್ನ ತಪ್ಪು ಅಷ್ಟು ದಿನ ಅಡಗಿತ್ತು, ಹನ್ನೆರಡರಲ್ಲಿ ಯಾರು ಹಿಡೀತಾರೆ? ಮೂರನೆಯ ಸಮೀಕರಣ ಬೇಕೇ ಬೇಕು ಅಂದರೆ ಕಿರ್ಶ್ನರ್ ಮತ್ತು ಪನೆಟ್ಟಾ 1998ರಲ್ಲಿ ರೋಗನಿರೋಧಕ ಕೋಶಗಳನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್-2 ಅನ್ನೋ ಪ್ರೋಟೀನ್ ಸೇರಿಸಿ ಮಾಡಿದ್ದಾರೆ, ಅದನ್ನು ಓದಿ.

ಬಯಾಲಜಿ ಅಂತ ಇಡೀ ಇಮ್ಯುನಾಲಜಿ ಪುಸ್ತಕ ಉರು ಹೊಡೀಬೇಡಿ. ಸಮೀಕರಣದ ಒಂದೊಂದು ಪದವೂ ಏನು ಹೇಳುತ್ತದೆ ಅಂತ ಹುಡುಕಿ ಓದಿ, ಏನನ್ನು ಬಿಟ್ಟಿದೆ ಅಂತಲೂ ಓದಿ. ಗಡ್ಡೆಯನ್ನು ಕೊಲ್ಲುವ ಟಿ ಕೋಶಗಳನ್ನು ತಡೆಯುವ ಪಿಡಿ-1 ಅನ್ನೋ ಪ್ರೋಟೀನ್ ಈ 1994ರ ಮಾಡೆಲ್‌ನಲ್ಲಿ ಇಲ್ಲ. ಅಂಥ ತಡೆಗಳನ್ನು ತೆಗೆದು ಚಿಕಿತ್ಸೆ ಮಾಡುವ ದಾರಿ ತೋರಿಸಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇನ್ನು ಕೋಡಿಂಗ್‌ಗೆ ಪೈಥಾನ್ ಸಾಕು, ದುಡ್ಡು ಕೊಡಬೇಕಿಲ್ಲ. ಸಮೀಕರಣ ಬಿಡಿಸೋಕೆ ಅದರ ಸೈಪೈ ಲೈಬ್ರರಿ ಹಾಕಿಕೊಳ್ಳಿ. ಘಟಕ ತೆಗೆಯದೆ ಓಡಿಸಿದರೆ ಕೋಟಿಗಳ ಜೊತೆ ದಶಮಾಂಶದ ಅಂಕಿ ಸೇರಿ ಸಾಲ್ವರ್ ಕೆಲವೊಮ್ಮೆ ತಡವರಿಸುತ್ತದೆ, ಆಗ ಸ್ಟಿಫ್ ಸಮೀಕರಣಕ್ಕೆ (ಒಂದು ಭಾಗ ಬಲು ಬೇಗ, ಇನ್ನೊಂದು ನಿಧಾನ ಬದಲಾಗುವಂಥದ್ದು) ಇರುವ ಬಿಡಿಎಫ್ ವಿಧಾನ ಹಾಕಿ ನೋಡಿ. ಮ್ಯಾಟ್‌ಲ್ಯಾಬ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಲೈಸೆನ್ಸ್ ಅವರೇ ಕೊಡಿಸಲಿ.