ನಿರ್ದೇಶಕರಿಗಿಂತ ಮೊದಲು ಸಂಬಳ ಸಿಗಬೇಕಾದದ್ದು ಯಾರಿಗೆ?

ಕೈಗೆ ಬಂದಿರುವ ಅನುದಾನದಲ್ಲಿ ಒಬ್ಬರಿಗೆ ಮಾತ್ರ ಸಂಬಳ ಕೊಡಬಹುದು, ಹಾಗಾಗಿ ವಲಸಿಗರ ನಾಟಕ ತಂಡಕ್ಕೆ ಹೊರಗಿನಿಂದ ವೃತ್ತಿಪರ ನಿರ್ದೇಶಕರನ್ನು ಕರೆತರಬೇಕೇ, ಇಲ್ಲವೇ ತಂಡದೊಳಗಿನ ಒಬ್ಬರನ್ನೇ ನಿರ್ದೇಶಕರಾಗಿ ಬೆಳೆಸಬೇಕೇ ಎಂದು ನೀವು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಮ್ಮ ವಲಸಿಗರ ನಾಟಕ ತಂಡದ ಸಮಿತಿ ಒಂದು ಇಡೀ ಚಳಿಗಾಲ ಚರ್ಚಿಸಿತ್ತು. ಆಗ ನಾನು ಅದರ ಕಾರ್ಯದರ್ಶಿಯಾಗಿದ್ದೆ. ಸಮಿತಿ ಎರಡು ಪಕ್ಷವಾಗಿ ಒಡೆದಿತ್ತು, ಎರಡೂ ಪಕ್ಷಗಳ ವಾದ ಸೊಗಸಾಗಿತ್ತು, ಮತ್ತು ಎರಡೂ ಪಕ್ಷಗಳಿಗೆ ತಂಡವನ್ನು ನಿಜವಾಗಿ ನಡೆಸುತ್ತಿದ್ದವರು ಯಾರೆಂಬುದು ಗೊತ್ತಿರಲಿಲ್ಲ.

ನಮ್ಮಲ್ಲಿ ಹಲವು ದೇಶಗಳಿಂದ ಬಂದವರಿದ್ದರು. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವರು, ವೃದ್ಧರ ಆರೈಕೆಗೆ ಹೋಗುವವರು, ಟ್ಯಾಕ್ಸಿ ಓಡಿಸುವವರು, ತಮ್ಮ ದೇಶದಲ್ಲಿ ಅಧ್ಯಾಪಕರಾಗಿದ್ದು ಇಲ್ಲಿ ಪದವಿಗೆ ಮಾನ್ಯತೆ ಸಿಗದೆ ಅಂಗಡಿಯ ಕೌಂಟರಿನಲ್ಲಿ ನಿಂತವರು, ಆಶ್ರಯ ಕೋರಿ ಸಲ್ಲಿಸಿದ ಅರ್ಜಿಯ ತೀರ್ಮಾನಕ್ಕೆ ಕಾಯುತ್ತಿದ್ದವರು. ಇವರೆಲ್ಲರನ್ನೂ ಒಂದೇ ಸಂಜೆ ಒಂದೇ ಕೋಣೆಯಲ್ಲಿ ಸೇರಿಸುವ ಕೆಲಸವನ್ನು ಒಬ್ಬ ಮಹಿಳೆ ಮಾಡುತ್ತಿದ್ದರು. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಅವರು ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಕೆಲಸದಲ್ಲಿದ್ದರು, ನಾಟಕದಲ್ಲಿ ಒಂದು ಸಾಲನ್ನೂ ಹೇಳಿದವರಲ್ಲ, ಸಮಿತಿಯಲ್ಲೂ ಇರಲಿಲ್ಲ. ಅವರ ಬಳಿ ಒಂದು ನೋಟ್‌ಬುಕ್ ಇತ್ತು. ಯಾರ ಪಾಳಿ ಯಾವ ವಾರ ಬದಲಾಗುತ್ತದೆ, ಯಾರ ಮಗುವನ್ನು ತಾಲೀಮಿನ ಹೊತ್ತಿನಲ್ಲಿ ಯಾರು ನೋಡಿಕೊಳ್ಳಬೇಕು, ಕೊನೆಯ ಬಸ್ಸು ತಪ್ಪಿದರೆ ಯಾರು ಯಾರನ್ನು ಮನೆಗೆ ಬಿಡುತ್ತಾರೆ, ಯಾರ ಗಂಡನಿಗೆ ಹೆಂಡತಿ ಬಣ್ಣ ಹಚ್ಚುವುದು ಇಷ್ಟವಿಲ್ಲ, ಯಾರ ಫೋಟೊ ಎಲ್ಲಿಯೂ ಪ್ರಕಟವಾಗಬಾರದು ಎಂಬುದೆಲ್ಲ ಅದರಲ್ಲಿತ್ತು. ಪ್ರತಿ ತಾಲೀಮಿನ ಹಿಂದಿನ ದಿನ ಅವರು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ನಾವು ಅದನ್ನು ಅವರ ಒಳ್ಳೆಯತನ ಎಂದುಕೊಂಡಿದ್ದೆವು. ಅದು ಕೆಲಸ ಎಂದು ನಮಗೆ ಹೊಳೆಯಲೇ ಇಲ್ಲ.

ಅನುದಾನ ಬಂದಾಗ ಇಡೀ ಮೊತ್ತವನ್ನು ನಿರ್ದೇಶಕರ ಹುದ್ದೆಗೆ ಇಟ್ಟು, ಹೊರಗಿನವರೊಬ್ಬರನ್ನು ಕರೆತಂದೆವು. ಇದರ ಹಿಂದಿದ್ದ ನಮ್ಮ ತರ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತರ್ಕ ಇಣುಕುತ್ತಿದೆ. ನಾಟಕ ಚೆನ್ನಾಗಿದ್ದರೆ ಪ್ರೇಕ್ಷಕರು ಬರುತ್ತಾರೆ, ಪ್ರೇಕ್ಷಕರು ಬಂದರೆ ಮುಂದಿನ ಅನುದಾನ ಬರುತ್ತದೆ, ನಾಟಕ ಚೆನ್ನಾಗಿರಬೇಕಾದರೆ ನಿರ್ದೇಶಕರು ಚೆನ್ನಾಗಿರಬೇಕು ಎಂದು ನಾವು ಎಣಿಸಿದೆವು. ಕಾಗದದ ಮೇಲೆ ಈ ಸರಪಳಿಯಲ್ಲಿ ಎಲ್ಲಿಯೂ ಬಿರುಕಿಲ್ಲ. ಅನುದಾನ ನೀಡುವವರ ಅರ್ಜಿ ನಮೂನೆಯೂ ನಮ್ಮನ್ನು ಅತ್ತಲೇ ತಳ್ಳಿತು: ಕಲಾತ್ಮಕ ನಾಯಕತ್ವದ ಬಗ್ಗೆ ಬರೆಯಲು ಅದರಲ್ಲಿ ಒಂದು ಪುಟವಿತ್ತು, ತಾಲೀಮಿಗೆ ಜನ ಹೇಗೆ ಬರುತ್ತಾರೆ ಎಂದು ಕೇಳುವ ಒಂದು ಗೆರೆಯೂ ಇರಲಿಲ್ಲ. ನಾವು ಬಡತನದ ತಂಡವೆನಿಸಿಕೊಳ್ಳಲು ನಾಚಿದ್ದೆವು ಎಂಬುದೂ ನಿಜ. ಪೋಸ್ಟರಿನ ಮೇಲೆ ನಾಲ್ಕು ಜನ ಗುರುತಿಸುವ ನಿರ್ದೇಶಕರ ಹೆಸರಿದ್ದರೆ ಈ ಊರಿನ ರಂಗಭೂಮಿ ನಮ್ಮನ್ನು ಸರಿಸಮಾನವಾಗಿ ಕಾಣುತ್ತದೆ ಎಂಬ ಆಸೆ ಎಲ್ಲರಲ್ಲಿಯೂ ಇತ್ತು, ನನ್ನಲ್ಲಿ ತುಸು ಹೆಚ್ಚೇ ಇತ್ತು.

ಅದರ ಜೊತೆಗೆ ಇನ್ನೊಂದು ನಿರ್ಧಾರ ಮಾಡಿದೆವು; ನಿಜವಾಗಿ ದುಬಾರಿಯಾದದ್ದು ಅದೇ. ವೃತ್ತಿಪರ ತಂಡವಾಗುತ್ತಿದ್ದೇವೆ ಎಂದ ಮೇಲೆ ಫೋನ್ ಮಾಡಿ ಕರೆಯುವ ಪದ್ಧತಿ ಹಳೆಯದೆನಿಸಿತು. ಅಕ್ಕನ ಭಾರ ಇಳಿಸುತ್ತಿದ್ದೇವೆ ಎಂಬ ಸದುದ್ದೇಶದಿಂದಲೇ, ತಾಲೀಮಿನ ವೇಳಾಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು, ಬರಲಾಗದವರು ಅಲ್ಲಿಯೇ ತಿಳಿಸುವುದು ಎಂದು ನಿಯಮ ಮಾಡಿದೆವು. ನಿಯಮದ ಕರಡನ್ನು ಬರೆದವನು ನಾನೇ. ಅಕ್ಕ ಒಂದು ಮಾತನ್ನೂ ಆಡದೆ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸಿ, ಫೋಟೊ ಮತ್ತು ಗಂಡಂದಿರ ವಿಷಯದ ಕಾಲಂಗಳನ್ನು ಅನಗತ್ಯವೆಂದು ಬಿಟ್ಟುಬಿಟ್ಟೆ.

ಆಮೇಲೆ ನಡೆದದ್ದು ನಿಧಾನವಾಗಿ ನಡೆಯಿತು. ಒಬ್ಬೊಬ್ಬರಿಗೂ ಬರುವ ಫೋನಿಗೆ ಜನ ಉತ್ತರ ಕೊಡುತ್ತಾರೆ. ಎಲ್ಲರಿಗೂ ಬರುವ ಸಂದೇಶವನ್ನು ಎಲ್ಲರೂ ಓದುತ್ತಾರೆ, ಉತ್ತರಿಸುವ ಹೊಣೆ ಮಾತ್ರ ಯಾರದೂ ಆಗುವುದಿಲ್ಲ. ಪಾಳಿ ಬದಲಾದದ್ದನ್ನು, ಮನೆಯಲ್ಲಿ ಜಗಳವಾದದ್ದನ್ನು, ಬಸ್ಸಿಗೆ ಹಣವಿಲ್ಲದ್ದನ್ನು ಅಕ್ಕನ ಕಿವಿಯಲ್ಲಿ ಹೇಳಬಹುದಾಗಿತ್ತು, ಗುಂಪಿನಲ್ಲಿ ಬರೆಯುವುದು ಹೇಗೆ? ಜನ ಸುಮ್ಮನೆ ಬರುವುದನ್ನು ಬಿಟ್ಟರು. ಬಂದವರಿಗೆ ಬಾರದವರ ಮೇಲೆ ಸಿಟ್ಟು ಬಂತು. ನಿರ್ದೇಶಕರು ಶಿಸ್ತಿನ ಮನುಷ್ಯ, ಸಜ್ಜನರೂ ಹೌದು. ಆದರೆ ಅವರು ಕಲಿತ ರಂಗಭೂಮಿಯಲ್ಲಿ ತಾಲೀಮು ತಪ್ಪಿಸಿದ ನಟನನ್ನು ಪಾತ್ರದಿಂದ ತೆಗೆಯುವುದು ಸಹಜ ಕ್ರಮವಾಗಿತ್ತು. ಅವರು ಇಬ್ಬರನ್ನು ತೆಗೆದರು. ಅವರಿಬ್ಬರ ಜೊತೆ ಅವರ ನೆಂಟರಿಷ್ಟರೂ ದೂರವಾದರು. ಅವರೆಲ್ಲ ನಮ್ಮ ಪ್ರೇಕ್ಷಕರೂ ಆಗಿದ್ದರು. ಪ್ರದರ್ಶನದ ಹೊತ್ತಿಗೆ ಆಶ್ರಯದ ಅರ್ಜಿ ಹಾಕಿದ್ದ ಒಬ್ಬ ಯುವಕನ ಮುಖ ಪೋಸ್ಟರಿನಲ್ಲಿ ಅಚ್ಚಾಗಿತ್ತು. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಗುರುತಿತ್ತು. ನಾನು ಏರಿಸಿದ ಪಟ್ಟಿಯಲ್ಲಿ ಇರಲಿಲ್ಲ. ಪೋಸ್ಟರುಗಳನ್ನು ಹಿಂದೆ ಪಡೆದೆವು, ಅವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ನಾಟಕವೇನೋ ಚೆನ್ನಾಗಿಯೇ ಆಯಿತು. ಸಭಾಂಗಣದಲ್ಲಿ ಊರಿನ ರಂಗಪ್ರಿಯರಿದ್ದರು, ನಮ್ಮವರು ಬೆರಳೆಣಿಕೆಯಷ್ಟಿದ್ದರು. ಯಾರಿಗಾಗಿ ತಂಡ ಕಟ್ಟಿದ್ದೆವೋ ಅವರಿಲ್ಲದ ಪ್ರದರ್ಶನಕ್ಕೆ ಸಿಕ್ಕ ಚಪ್ಪಾಳೆಯನ್ನು ಯಶಸ್ಸು ಎಂದು ವರದಿಯಲ್ಲಿ ಬರೆಯಬೇಕಾಗಿ ಬಂದದ್ದು ನನ್ನ ಪಾಲಿಗೆ.

ದಯವಿಟ್ಟು ಇದನ್ನು ಹೊರಗಿನ ನಿರ್ದೇಶಕರ ವಿರುದ್ಧದ ಸಾಕ್ಷ್ಯವೆಂದು ಓದಬೇಡಿ. ಒಳಗಿನ ಒಬ್ಬರನ್ನು ನಿರ್ದೇಶಕರನ್ನಾಗಿ ಮಾಡಿ ಅದೇ ಹಣವನ್ನು ಅವರಿಗೆ ಕೊಟ್ಟಿದ್ದರೂ ಹೀಗೆಯೇ ಆಗುತ್ತಿತ್ತು. ಬಹುಶಃ ಇನ್ನೂ ಕೆಟ್ಟದಾಗಿ ಆಗುತ್ತಿತ್ತು, ಏಕೆಂದರೆ ಒಳಗಿನವರು ತೆಗೆದುಹಾಕಿದರೆ ಅದು ಸಮುದಾಯದ ಜಗಳವಾಗುತ್ತದೆ. ನಿರ್ದೇಶಕರು ಯಾರು ಎಂಬುದೇ ಇಲ್ಲಿ ಎರಡನೆಯ ಪ್ರಶ್ನೆ. ತಂಡವನ್ನು ಉಳಿಸುತ್ತಿರುವ ದುಡಿಮೆ ಯಾವುದು, ಅದನ್ನು ಬಿಟ್ಟಿಯಾಗಿ ಮಾಡುತ್ತಿರುವವರು ಯಾರು ಎಂಬುದು ಮೊದಲನೆಯದು.

ವಲಸಿಗರ ರಂಗಭೂಮಿಯ ಚರಿತ್ರೆ ಓದಿದ್ದು ನಾನು ಇಷ್ಟೆಲ್ಲ ಆದ ಮೇಲೆ. ಮೊದಲೇ ಓದಿದ್ದರೆ ಒಳ್ಳೆಯದಿತ್ತು. ನ್ಯೂಯಾರ್ಕಿನಲ್ಲಿ ಯಹೂದಿ ವಲಸಿಗರ, ಅವರದೇ ಯಿಡ್ಡಿಷ್ ಭಾಷೆಯ ರಂಗಭೂಮಿ 1882ರಲ್ಲಿ ಆರಂಭವಾಗಿ ಕೆಲವೇ ದಶಕಗಳಲ್ಲಿ ದೊಡ್ಡ ಉದ್ಯಮವಾಯಿತು. ಅದರ ತಾರಾನಟರ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ರಂಗಮಂದಿರಗಳ ವಾರದ ದಿನಗಳನ್ನು ತುಂಬಿಸುತ್ತಿದ್ದುದು ಸಹಾಯಾರ್ಥ ಪ್ರದರ್ಶನಗಳು: ಕಾರ್ಮಿಕ ಸಂಘಗಳು ಮತ್ತು ಒಂದೇ ಊರಿನಿಂದ ಬಂದವರು ಕಟ್ಟಿಕೊಂಡ ಸಂಘಗಳು ಇಡೀ ಪ್ರದರ್ಶನದ ಟಿಕೆಟ್ಟುಗಳನ್ನು ರಿಯಾಯಿತಿ ದರದಲ್ಲಿ ಕೊಂಡು, ತಮ್ಮ ಸದಸ್ಯರಿಗೆ ಮಾರಿ, ಉಳಿದ ಹಣವನ್ನು ತಮ್ಮ ಸಂಘದ ಕೆಲಸಕ್ಕೆ ಬಳಸುತ್ತಿದ್ದವು. ಅಂದರೆ ಮನೆಮನೆಗೆ ಟಿಕೆಟ್ಟು ತಲುಪಿಸುವ ಹೆಸರಿಲ್ಲದ ಜನರ ಮೇಲೆ ಆ ತಾರೆಗಳು ನಿಂತಿದ್ದರು. ತಾರೆಗಳ ಮಂದಿರಗಳು ಕಾಲಕ್ರಮದಲ್ಲಿ ಮುಚ್ಚಿದವು. 1915ರಲ್ಲಿ ಹವ್ಯಾಸಿಗಳು ಕಟ್ಟಿದ, ಕಾರ್ಮಿಕರ ಪರಸ್ಪರ ಸಹಾಯ ಸಂಘವೊಂದರ ಆಸರೆಯಲ್ಲಿ ಬೆಳೆದ ಫೋಕ್ಸ್‌ಬೀನೆ ತಂಡ ನೂರು ವರ್ಷ ದಾಟಿ ಇಂದಿಗೂ ನಾಟಕವಾಡುತ್ತಿದೆ.

ಶಿಕಾಗೋದ ಹಲ್ ಹೌಸ್ ಎಂಬ ಸಮುದಾಯ ಕೇಂದ್ರದ ಉದಾಹರಣೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸಿಗರ ಬಡಾವಣೆಯಲ್ಲಿ ಅದನ್ನು ತೆರೆದರು. 1899ರಲ್ಲಿ ಅಲ್ಲಿನ ಗ್ರೀಕ್ ವಲಸಿಗರು ತಮ್ಮ ಪುರಾತನ ಮಹಾಕಾವ್ಯದ ವೀರ ಒಡಿಸ್ಯೂಸ್ ಮನೆಗೆ ಮರಳುವ ಕಥೆಯನ್ನು ರಂಗಕ್ಕೇರಿಸಿದಾಗ ನಿರ್ದೇಶಿಸಿದವರು ಹೊರಗಿನಿಂದ ಬಂದ ಮೇಬೆಲ್ ಹೇ ಬ್ಯಾರೋಸ್. ಹೊರಗಿನವರು ಬಂದುದರಿಂದ ಏನೂ ಕೆಡಲಿಲ್ಲ. ಏಕೆಂದರೆ ಅಲ್ಲಿ ನಾಟಕಕ್ಕೆ ಮೊದಲೇ ಒಂದು ಮನೆ ಇತ್ತು; ಆ ಮನೆಯಲ್ಲಿ ಶಿಶುವಿಹಾರವಿತ್ತು, ಸಂಜೆಯ ತರಗತಿಗಳಿದ್ದವು, ಬಾಗಿಲು ತೆರೆಯುವವರಿದ್ದರು. ನಿರ್ದೇಶಕರು ಬಂದು ಹೋದರೂ ಮನೆ ಉಳಿಯಿತು. ನಿಮ್ಮ ತಂಡಕ್ಕೆ ಇಂಥ ಮನೆ ಇದ್ದರೆ ಯಾರನ್ನು ಬೇಕಾದರೂ ನಿರ್ದೇಶಕರನ್ನಾಗಿ ಕರೆಯಿರಿ. ಇಲ್ಲದಿದ್ದರೆ ಮೊದಲು ಆ ಮನೆಗೆ ಸಂಬಳ ಕೊಡಿ.

ಹಾಗಾಗಿ ನನ್ನ ಉತ್ತರ, ನೀವು ಕೊಟ್ಟ ಎರಡು ಆಯ್ಕೆಗಳಲ್ಲಿ ಯಾವುದೂ ಅಲ್ಲ. ಮೊದಲ ಸಂಬಳ ವ್ಯವಸ್ಥಾಪಕರಿಗೆ, ಅಂದರೆ ನಮ್ಮಲ್ಲಿ ಅಕ್ಕ ಮಾಡುತ್ತಿದ್ದ ಕೆಲಸ ಮಾಡುವವರಿಗೆ. ಈ ಹುದ್ದೆಗೆ ರಂಗಶಿಕ್ಷಣದ ಪ್ರಮಾಣಪತ್ರ ಕೇಳಬೇಡಿ. ಈಗಾಗಲೇ ನಿಮ್ಮ ತಂಡದವರು ಕಷ್ಟ ಬಂದಾಗ ಯಾರಿಗೆ ಫೋನ್ ಮಾಡುತ್ತಾರೋ ಅವರನ್ನು ಕೇಳಿ. ಬಹುತೇಕ ಅವರು ನಿಮ್ಮ ಸಮಿತಿಯಲ್ಲಿ ಇರುವುದಿಲ್ಲ, ಬಹುತೇಕ ಮಹಿಳೆಯಾಗಿರುತ್ತಾರೆ, ಮತ್ತು ಮೊದಲ ಸಲ ಕೇಳಿದಾಗ ತಮಗೆ ನಾಟಕ ಗೊತ್ತಿಲ್ಲವೆಂದು ಒಲ್ಲೆನ್ನುತ್ತಾರೆ. ಎರಡನೆಯ ಸಲ ಕೇಳಿ. ಅವರ ವೀಸಾ ಈ ಕೆಲಸಕ್ಕೆ ಅವಕಾಶ ಕೊಡುತ್ತದೆಯೇ ಎಂಬುದನ್ನು ಮಾತ್ರ ಬಲ್ಲ ವಕೀಲರಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ನಟರಿಗೆ ಗೌರವಧನ ಕೊಡುವಾಗಲೂ ಇದೇ ಎಚ್ಚರ ಬೇಕು. ಗೌರವಧನ ಎಂದು ನೀವು ಕರೆದ ಮಾತ್ರಕ್ಕೆ ಕಾನೂನು ಅದನ್ನು ಕೂಲಿ ಎಂದು ಎಣಿಸದೆ ಬಿಡುತ್ತದೆ ಎಂಬ ಖಾತರಿಯಿಲ್ಲ, ಮತ್ತು ವಿದ್ಯಾರ್ಥಿ ವೀಸಾದಲ್ಲಿರುವ ಒಬ್ಬರಿಗೆ ನಿಮ್ಮ ಔದಾರ್ಯವೇ ಕುತ್ತಾಗಬಹುದು. ಬಸ್ಸಿನ ಖರ್ಚನ್ನು ರಸೀದಿ ಪಡೆದು ಹಿಂದಿರುಗಿಸುವುದಕ್ಕೂ ಸಂಭಾವನೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ನೋಡುವವರು ತಿಳಿದಿರಲಿ.

ನಿರ್ದೇಶನಕ್ಕೆ ಏನು ಮಾಡುವುದು ಎಂದು ನೀವು ಕೇಳುತ್ತೀರಿ. ಸದ್ಯಕ್ಕೆ ಸಣ್ಣದಾಗಿ ಮಾಡಿ. ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ 1939ರ ಸುಮಾರಿಗೆ ಶಿಕಾಗೋದಲ್ಲಿ ಸರ್ಕಾರಿ ಉದ್ಯೋಗ ಯೋಜನೆಯಡಿ ವಲಸಿಗ ಕುಟುಂಬಗಳ ಮಕ್ಕಳೊಂದಿಗೆ ಕೆಲಸ ಮಾಡುವಾಗ ರೂಪಿಸಿದ ರಂಗಕ್ರೀಡೆಗಳು ಇಂದು ಜಗತ್ತಿನ ರಂಗಶಾಲೆಗಳಲ್ಲಿವೆ. ಭಾಷೆ ಹಂಚಿಕೊಳ್ಳದವರು ಒಟ್ಟಿಗೆ ಆಡಲು ಅವು ಇಂದಿಗೂ ಉತ್ತಮ ಆರಂಭ. 1965ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಮುಷ್ಕರದ ನಡುವೆ ಲೂಯಿಸ್ ವಾಲ್ಡೆಜ್ ಕಟ್ಟಿದ ಎಲ್ ತಿಯಾತ್ರೊ ಕಾಂಪೆಸಿನೊ ತಂಡದಲ್ಲಿ ನಟಿಸಿದವರು ಕೃಷಿ ಕಾರ್ಮಿಕರೇ. ಲಾರಿಯ ಹಿಂಭಾಗವೇ ಅವರ ರಂಗ, ಪಾತ್ರ ಯಾವುದೆಂದು ಹೇಳಲು ಕೊರಳಲ್ಲಿ ಒಂದು ಫಲಕ. ಆ ಕಿರುಪ್ರಹಸನಗಳಲ್ಲಿ ಯಾರಾದರೂ ಬಾರದಿದ್ದರೆ ಇನ್ನೊಬ್ಬರು ಫಲಕ ಹಾಕಿಕೊಂಡು ನಿಲ್ಲಬಹುದು. ಪಾಳಿಯಲ್ಲಿ ದುಡಿಯುವವರ ತಂಡಕ್ಕೆ ಇದಕ್ಕಿಂತ ತಕ್ಕ ರೂಪ ನನಗೆ ತೋರಿಲ್ಲ. ಒಬ್ಬ ನಾಯಕನ ಮೇಲೆ ನಿಂತ ಮೂರು ಅಂಕದ ನಾಟಕವನ್ನು ಇಂಥ ತಂಡ ಎತ್ತಿಕೊಳ್ಳುವುದು ಹುಂಬತನ. ಪ್ರತಿ ಮುಖ್ಯ ಪಾತ್ರವನ್ನೂ ಇಬ್ಬರು ಕಲಿಯಲಿ. ಮಕ್ಕಳಿಗೆ ಪಕ್ಕದ ಕೋಣೆ ಇಲ್ಲದ ಜಾಗವನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ತಾಲೀಮಿಗೆ ಹಿಡಿಯಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನಿಮ್ಮ ನಟರು ತಮ್ಮ ವಲಸೆಯ ನೋವನ್ನೇ ರಂಗದ ಮೇಲೆ ಹೇಳಲಿ ಎಂದು ಅನುದಾನ ಕೊಡುವವರು ಸೂಚಿಸಿದರೆ ಒಪ್ಪಬೇಡಿ, ನಟರೇ ಮುಂದೆ ಬಂದರೆ ಬೇರೆ ಮಾತು. ದಿನವಿಡೀ ಕಚೇರಿಗಳ ಮುಂದೆ ತಮ್ಮ ಕಥೆ ಹೇಳಿ ದಣಿದವರು ಸಂಜೆ ಬರುವುದು ಅದನ್ನೇ ಇನ್ನೊಮ್ಮೆ ಹೇಳುವುದಕ್ಕಲ್ಲ. ನಮ್ಮಲ್ಲಿ ಅತಿ ಹೆಚ್ಚು ಜನ ತಾಲೀಮಿಗೆ ತಪ್ಪದೆ ಬಂದದ್ದು ಒಂದು ಅಪ್ಪಟ ಪ್ರಹಸನಕ್ಕೆ.

ಅಕ್ಕ ಮತ್ತೆ ಬರಲಿಲ್ಲ. ಸಂಜೆ ಪಾಳಿಯ ಕೆಲಸ ಹಿಡಿದಿದ್ದರು. ನಾನು ಹೋಗಿ ಕೇಳಿದಾಗ, ಈಗ ಸಂಬಳ ಕೊಡುತ್ತೇವೆ ಎಂದಾಗ, ಆ ಗಂಟೆಗಳಿಗೆ ಈಗ ಬೇರೆಯವರು ಸಂಬಳ ಕೊಡುತ್ತಿದ್ದಾರೆ ಎಂದು ನಕ್ಕರು. ಆ ಜಾಗಕ್ಕೆ ಬಂದ ವ್ಯವಸ್ಥಾಪಕಿ ಈಗ ಸಮಿತಿಯ ಸದಸ್ಯೆಯೂ ಹೌದು, ತಾಲೀಮಿನ ದಿನಗಳನ್ನು ನಿರ್ಧರಿಸುವುದೂ ಅವರೇ. ನಿರ್ದೇಶಕರು ಆಯಾ ನಾಟಕಕ್ಕೆ ಮಾತ್ರ ಬರುತ್ತಾರೆ, ಕೆಲವೊಮ್ಮೆ ಹೊರಗಿನವರು, ಕೆಲವೊಮ್ಮೆ ಒಳಗಿನವರು. ಯಾರನ್ನಾದರೂ ಪಾತ್ರದಿಂದ ತೆಗೆಯುವ ಮುನ್ನ ವ್ಯವಸ್ಥಾಪಕಿಯ ಜೊತೆ ಮಾತನಾಡಬೇಕು ಎಂಬುದು ನಿರ್ದೇಶಕರ ಒಪ್ಪಂದದಲ್ಲೇ ಇದೆ.

ನಿಮ್ಮ ಅರ್ಜಿಯಲ್ಲಿ ಹಣವನ್ನು ನಿರ್ದೇಶಕರ ಹೆಸರಿನಲ್ಲಿ ತೋರಿಸಿರುವುದಾಗಿ ಬರೆದಿದ್ದೀರಿ. ಅದು ಬದಲಾಗದ ಸಂಗತಿಯೇನಲ್ಲ. ಒಂದು ಪೈಸೆ ಖರ್ಚು ಮಾಡುವ ಮೊದಲು ಅನುದಾನ ಕೊಟ್ಟವರಿಗೆ ಪತ್ರ ಬರೆದು, ಮೊತ್ತವನ್ನು ವ್ಯವಸ್ಥಾಪಕರ ಹುದ್ದೆಗೆ ವರ್ಗಾಯಿಸಲು ಲಿಖಿತ ಅನುಮತಿ ಕೇಳಿ. ಕಾರಣವನ್ನು ನೇರವಾಗಿ ಹೇಳಿ, ಬೇಕಿದ್ದರೆ ಮೇಲಿನ ಕಥೆಯನ್ನೇ ಹೇಳಿ. ಮುಂಚಿತವಾಗಿ ಕೇಳಿದವರಿಗೆ ಅವರು ಸಾಮಾನ್ಯವಾಗಿ ಒಪ್ಪುತ್ತಾರೆ. ಖರ್ಚಾದ ಮೇಲೆ ಕೇಳಿದವರಿಂದ ಹಣ ಹಿಂದಕ್ಕೆ ಕೇಳಬಹುದು. ಆ ಪತ್ರಕ್ಕೆ ಉತ್ತರ ಬರುವವರೆಗೆ ಯಾವ ನಿರ್ದೇಶಕರ ಒಪ್ಪಂದಕ್ಕೂ ಸಹಿ ಹಾಕಬೇಡಿ.