ಬೋರ್ಡು ಹೋಯಿತು, ಕಸುಬು ಹೋಗಲಿಲ್ಲ

ಪತ್ರ: ಹೋದ ಸಂಚಿಕೆಯಲ್ಲಿ ಅಮೆರಿಕದ ಪಿಯರ್ಸನ್ ದಾಯಾದಿಗಳನ್ನು ಹೊಗಳಿದ್ದೀರಿ. ಫೈಬರ್‌ಗ್ಲಾಸ್ ಹಾಯಿದೋಣಿ ಕಟ್ಟಿದ್ದು ಸರಿ. ಆದರೆ ಐದಾರು ವರ್ಷಕ್ಕೇ ಮನೆಯ ಕಂಪನಿಯನ್ನು ಪರರ ಕೈಗೆ ಕೊಟ್ಟವರು ನಮ್ಮ ಹುಡುಗರಿಗೆ ಮಾದರಿಯೇ?
– ಓದುಗರು, ಕುಂದಾಪುರ

ಉತ್ತರ: ನಿಮ್ಮ ಅಕ್ಷರ ದುಂಡಗಿದೆ, ಕೋಪವೂ ಚೆನ್ನಾಗಿದೆ. ಕಟ್ಟಿದ್ದನ್ನು ಬಿಟ್ಟುಕೊಡುವುದು ಸಂಕಟದ ಕೆಲಸ, ಒಪ್ಪಿದೆ. ಅಷ್ಟೇ ಒಪ್ಪುವುದು.

ಈ ದಾಯಾದಿಗಳು, ಕ್ಲಿಂಟನ್ ಮತ್ತು ಎವರೆಟ್, ಶುರುಮಾಡಿದ್ದು 1950ರ ದಶಕದ ನಡುವೆ, ಕ್ಲಿಂಟನ್ ಅಪ್ಪನ ಗ್ಯಾರೇಜಿನಲ್ಲಿ. ದೋಣಿಯ ಅಚ್ಚಿಗೆ ಮೇಣ ತಿಕ್ಕಬೇಕು, ಹೊರಮೈಯ ನುಣುಪು ಲೇಪವಾದ ಜೆಲ್‌ಕೋಟ್ ಹೊಡೆಯಬೇಕು, ಗಾಜಿನೆಳೆಯ ಮ್ಯಾಟ್ ಹಾಸಿ ರೆಸಿನ್ ಅನ್ನುವ ಅಂಟುದ್ರವ ಕುಡಿಸಬೇಕು, ರೋಲರ್ ಎಳೆದು ಗುಳ್ಳೆ ಓಡಿಸಬೇಕು. ಹರಟೆ ಹೊಡೆಯುತ್ತಾ ನಿಂತರೆ ರೆಸಿನ್ ಡಬ್ಬದಲ್ಲೇ ಕಲ್ಲಾಗುತ್ತದೆ. ಗಾಜಿನ ಪುಡಿ ಮೊಣಕೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ. ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರನ್ನು ಕೇಳಿ ನೋಡಿ.

1959ರಲ್ಲಿ ಕಾರ್ಲ್ ಆಲ್ಬರ್ಗ್ ನಕ್ಷೆಯ 28 ಅಡಿಯ ಟ್ರೈಟನ್ ಹಾಯಿದೋಣಿ ತಯಾರಾಯಿತು. ನ್ಯೂಯಾರ್ಕ್ ಬೋಟ್ ಶೋಗೆ ಸಾಗಿಸಲೂ ಸಾಲ ಮಾಡಿದರು. ಬೆಲೆ 10,000 ಡಾಲರ್‌ಗೂ ಕಮ್ಮಿ. 17 ಆರ್ಡರ್ ಹಿಡಿದು ಬಂದರು! ಫೈಬರ್ ಎಷ್ಟು ಗಟ್ಟಿ ಅಂತ ಆಗ ಹೆಚ್ಚಿನವರಿಗೆ ಅಂದಾಜಿರಲಿಲ್ಲ. ಧಾರಾಳವಾಗಿ ದಪ್ಪ ಹಾಕಿದರು. ಆ ಧಾರಾಳದಿಂದಲೇ ಹಲವು ಇನ್ನೂ ತೇಲುತ್ತಿವೆ.

ಆರ್ಡರ್ ಬಂತು, ಬಂಡವಾಳ ಸಾಲಲಿಲ್ಲ. 1961ರಲ್ಲಿ ವಿಮಾನ ಕಟ್ಟುವ ಗ್ರಮನ್ ಕಂಪನಿಗೆ ಹಿಡಿತ ಹೋಯಿತು. ನೀವು ಇಲ್ಲಿಗೇ ಪುಸ್ತಕ ಮುಚ್ಚಿಬಿಟ್ಟಿರಿ, ಅಲ್ವಾ? 1964ರಲ್ಲಿ ಕ್ಲಿಂಟನ್ ಹೊರಬಂದು ಬ್ರಿಸ್ಟಲ್ ಯಾಟ್ಸ್ ಎಂಬ ದೋಣಿ ಕಂಪನಿ ಕಟ್ಟಿದರು. 1966ರಲ್ಲಿ ಎವರೆಟ್ ಕೂಡ ಬಿಟ್ಟರು. ಅವರು ಉದ್ಯಮಿ ನೀಲ್ ಟಿಲಟ್ಸನ್ ಜತೆ ಸೇರಿ ಕಟ್ಟಿದ ಕಂಪನಿಯಲ್ಲೇ 1977ರಿಂದ ಜೆ-24 ಎಂಬ ರೇಸಿನ ಹಾಯಿದೋಣಿಗಳು ಬಂದವು. ಮೊದಲ ಜೆ-24 ಕೂಡ ಅದರ ನಕ್ಷೆಗಾರ ರಾಡ್ ಜಾನ್‌ಸ್ಟನ್ ಮನೆಯ ಗ್ಯಾರೇಜಿನದೇ! ಎವರೆಟ್ ಕಂಪನಿ ಮುಂದೆ ಗಾಳಿಯಂತ್ರದ ರೆಕ್ಕೆಗಳನ್ನೂ ಮಾಡಿತು. ಅದೇ ಗಾಜು, ಅದೇ ರೆಸಿನ್.

ನಮ್ಮ ದೊಡ್ಡಪ್ಪನದು ಪ್ರಿಂಟಿಂಗ್ ಪ್ರೆಸ್. ಅವರು ಹೋದ ಮೇಲೆ ಮಕ್ಕಳು ಬೋರ್ಡಿನ ಹೆಸರಿಗಾಗಿ ಕೋರ್ಟು ಹತ್ತಿದರು. ಅಚ್ಚುಮೊಳೆ ಜೋಡಿಸಲು ಒಬ್ಬನಿಗೂ ಬರುತ್ತಿರಲಿಲ್ಲ. ಕೊನೆಗೆ ಗುಜರಿಯವನು ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಒಯ್ದ. ಬೋರ್ಡು ಮಾತ್ರ ಇನ್ನೂ ಅಟ್ಟದ ಮೇಲಿದೆ.

ಈಗಂತೂ ಉದ್ಯಮಿ ಅಂದರೆ ಎಷ್ಟು ಕೋಟಿ ಎತ್ತಿದ ಅನ್ನುವುದೇ ಸುದ್ದಿ. ನಾವು ಪತ್ರಿಕೆಯವರೂ ಸುಮ್ನೆ ಅದನ್ನೇ ಅಚ್ಚು ಹಾಕುತ್ತೇವೆ. ಮೊನ್ನೆ ಒಬ್ಬ ಎಂಜಿನಿಯರಿಂಗ್ ಹುಡುಗ ಕಚೇರಿಗೆ ಬಂದಿದ್ದ. ಫೈಬರ್ ಬಗ್ಗೆ ಒಂದು ಸೆಮಿಸ್ಟರ್ ಓದಿದ್ದಾನಂತೆ. "ರೋಲರ್ ಹಿಡಿದಿದ್ದೀಯೇನಪ್ಪಾ?" ಅಂದೆ.

"ಪಿಪಿಟಿಯಲ್ಲಿ ತೋರಿಸಿದ್ರು ಸರ್."